ಮೊಟ್ಟೆ ಮುಟ್ಟುವ ಕೈ

“ಈ ಕಂಟ್ರೋಲರ್ ನಾಕು ಪ್ಯಾನೆಲ್ ಅಷ್ಟ ತಡಕೋತೈತ್ರಿ ಅಕ್ಕಾರ. ಆರು ಜೋಡಿಸಿದ್ರ ಸುಟ್ಟು ಹೋಗತೈತಿ,” ಎಂದು ಸೋಲಾರ್ ರಿಪೇರಿಯವನು ಹೇಳಿದ್ದ. ಆದರೆ ಮೊಟ್ಟೆಗಳ ಕಾವಿನ ಪೆಟ್ಟಿಗೆಗೆ ಕರೆಂಟು ಸಾಲುತ್ತಿರಲಿಲ್ಲ. ಇನ್ನೆರಡು ದಿನಕ್ಕೆ ಮುನ್ನೂರು ಮರಿ ಹೊರಬರುವುದಿತ್ತು. ನೀಲವ್ವ ಬೇರೆಯವನನ್ನು ಕರೆಸಿ ಆರು ಮಾಡಿಸಿಯೇಬಿಟ್ಟಳು.

ಮಾಡಿಸಿದ್ದೇನೋ ಆಯಿತು, ಕೂತಲ್ಲಿ ಕೂರಲಾಗಲಿಲ್ಲ. ಮೊಟ್ಟೆ ಮುಟ್ಟಿ ನೋಡುವ ಹಾಗೆಯೇ ಗಳಿಗೆಗೊಮ್ಮೆ ಪ್ಯಾನೆಲ್ಲಿನ ಕರೆಂಟು ಹಾಯುವ ಆ ಕಂಟ್ರೋಲರಿನ ಡಬ್ಬಿಯನ್ನೂ ಮುಟ್ಟಿ ನೋಡಿದಳು. ಬೆಳಿಗ್ಗೆ ಅದು ಬೆಚ್ಚಗಿತ್ತು, ಸುಟ್ಟೇ ಹೋಗುತ್ತದೆಂದು ಹೆದರಿದಳು. ನೆತ್ತಿಯ ಮೇಲೆ ಬಿಸಿಲು ಬರುವ ಹೊತ್ತಿಗೆ ತಣ್ಣಗಾದದ್ದೇ ತಡ, ಗೆದ್ದವಳಂತೆ ರಿಪೇರಿಯವನಿಗೆ ಫೋನು ಮಾಡಿದಳು.

“ಸುಟ್ಟು ಹೋಗತೈತಿ ಅಂತಿದ್ದಿ ಅಲ್ಲೇನಪಾ? ಆರೂ ಹಾಕಿಸೀನಿ. ಡಬ್ಬಿ ತಣ್ಣಗ ಐತಿ!”

ಅವನು ಕೇಳಿದ:

“ಅಕ್ಕಾರ, ಮೊಟ್ಟಿ ತಣ್ಣಗಾದ್ರ ನೀವು ಏನಂತೀರಿ?”