ಹುಣಸೆಕಾಯಿಯ ಪಾಠ

ಕಸ್ತೂರಿ ಹಸಿ ಹುಣಸೆಕಾಯಿ ಕಚ್ಚಿ ಕಣ್ಣು ಮುಚ್ಚಿಕೊಂಡಳು. “ನನ್ನ ಮಾರಿ ನೋಡು,” ಎಂದು ತನ್ನ ಹತ್ತಿರ ಇಂಗ್ಲಿಷ್ ಕಲಿಯುತ್ತಿದ್ದ ನಾದಿನಿ ಅನ್ನವ್ವನಿಗೆ ಹೇಳಿದಳು. “ಆ್ಯಸಿಡ್ ಅನ್ನೋ ಮಾತಿನ ಬೇರಿಗೆ ಚೂಪು ಅಂತ ಅರ್ಥ. ಟಾರ್ಟ್ ಅಂದ್ರೂ ಹುಳಿನ. ಮೊದಲ ಅದನ್ನ ನೋವಿಗೆ, ಶಿಕ್ಷೆಗೆ ಅಂತಿದ್ರು. ನಾಲಿಗಿ ರುಚಿಗೆ ಬಂದದ್ದು ಆಮ್ಯಾಲೆ.”

“ಹಂಗಾರ ಇಂಗ್ಲಿಷರು ಹುಳಿ ತಿಂದ್ರ ಹೊಡಸ್ಕೊಂಡಂಗ ಆಗತೈತೇನ್ರಿ ವೈನಿ?” ಅನ್ನವ್ವ ನಕ್ಕಳು.

ಬಾಗಿಲಲ್ಲಿ ಅತ್ತೆ ದ್ಯಾಮವ್ವ ನಿಂತಿದ್ದಳು. ಮದುವೆಯಾಗಿ ಏಳು ವರ್ಷವಾದರೂ ಮಕ್ಕಳಿಲ್ಲದ ಸೊಸೆಯ ಕೈಯಲ್ಲಿ ಹುಣಸೆಕಾಯಿ ಕಂಡು, ಹಿಡಿದಿದ್ದ ನೂಲಿನ ಲಡಿಯನ್ನು ಕೆಳಗೆ ಹಾಕಿದಳು. “ಜೀವ ಹುಳಿ ಬೇಡಾಕತ್ತೈತೇನ ನನ್ನವ್ವಾ! ಬಾಯಿಬಿಟ್ಟು ಹೇಳಬಾರದ?” ಕಸ್ತೂರಿಯ ಕೆನ್ನೆ ಸವರಿದಳು. ಆ ಕೈ ಇಷ್ಟು ಮೆತ್ತಗಿರುವುದು ಕಸ್ತೂರಿಗೆ ಗೊತ್ತೇ ಇರಲಿಲ್ಲ. “ಲೇ ವೆಂಕಪ್ಪಾ, ಚಪ್ಪಲಿ ಬಿಡೋ! ಮುಂಡರಗಿ ಹುಡುಗಿನ್ನ ನೋಡಾಕ ಹೋಗೂದು ಬ್ಯಾಡ. ನಿನ್ನ ಹೇಣ್ತಿಗೆ ಬಯಕಿ ಶುರು ಆಗೇತಿ!”

ಅಂಗಳದಿಂದ ಗಂಡ ತಿರುಗಿ ನೋಡಿದ. ಬೆಳಗಿನಿಂದ ಅವಳ ಕಣ್ಣು ತಪ್ಪಿಸುತ್ತಿದ್ದವನು ಈಗ ನೇರವಾಗಿ ನೋಡಿ ನಕ್ಕ.

ಪಾಠ ಹೇಳಿಕೊಡಲೆಂದು ತಿಂದೆ ಎಂಬ ಮಾತು ಕಸ್ತೂರಿಯ ಬಾಯಿಯವರೆಗೆ ಬಂದಿತ್ತು. ಸುಳ್ಳು ಹೇಳಿದರೆ ತಿಂಗಳೊಳಗೆ ತಿಳಿಯುತ್ತದೆ. ಖರೆ ಹೇಳಿದರೆ ಇನ್ನು ಅರ್ಧ ತಾಸಿಗೆ ಮುಂಡರಗಿ ಬಸ್ಸು. ಅನ್ನವ್ವ ನಗು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದಳು.

“ಇನ್ನೊಂದೀಟು ಕಾಯಿ ತರಸ್ಲೇನವಾ?” ಎಂದಳು ಅತ್ತೆ.

“ತರಸ್ರಿ,” ಎಂದಳು ಕಸ್ತೂರಿ.