ಅಲಗಿನ ಮೇಲೆ ನಾಲ್ಕು ಬೆರಳು

ಮೈತುಂಬ ಅಲೆಯಲೆ ಗೆರೆಗಳಿರುವ ನನ್ನ ಉಕ್ಕಿನ ಕತ್ತಿಗೆ ಮಳೆಗಿಂತ ದೊಡ್ಡ ಶತ್ರು ಮನುಷ್ಯರ ಬೆವರು. ಬರಿಗೈಯಲ್ಲಿ ಮುಟ್ಟಿ ಹಾಗೇ ಬಿಟ್ಟರೆ ನಾಲ್ಕೇ ದಿನಕ್ಕೆ ತುಕ್ಕು. ಅದಕ್ಕೇ ಪ್ರತಿ ಭಾನುವಾರ ಕೈಗವಸು ಹಾಕಿಕೊಂಡು, ಒರೆಸಿ, ತೆಳ್ಳಗೆ ಎಣ್ಣೆ ಸವರುತ್ತೇನೆ. ಮನೆಯಲ್ಲಿ ಬೇರೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ.

ಈ ಭಾನುವಾರ ಗಾಜಿನ ಬೀರುವಿನಿಂದ ತೆಗೆದು ನೋಡಿದರೆ, ಅಲಗಿನ ಮೇಲೆ ತುಕ್ಕು ಹಿಡಿದ ನಾಲ್ಕು ಬೆರಳಿನ ಗುರುತು!

"ಯಾರೇ ಇದನ್ನ ಮುಟ್ಟಿದ್ದು?" ಎಂದು ಹೆಂಡತಿಯನ್ನು ಕೂಗಿದೆ.

ಅವಳು ಬಾಗಿಲಲ್ಲೇ ನಿಂತಳು. "ಮೊದಲು ಅದನ್ನ ಕೆಳಗಿಡಿ."

"ನಿನ್ನ ತಮ್ಮ ತಾನೇ? ಬಂದಾಗೆಲ್ಲ ಅವನ ಕಣ್ಣು ಇದರ ಮೇಲೇ."

"ಅವನು ಮುಟ್ಟಿಲ್ಲ. ಸಂಜೆ ಬಂದು ತಗೊಂಡು ಹೋಗ್ತಾನೆ. ನಾನೇ ಹೇಳಿದೀನಿ."

"ಓಹೋ! ಅಕ್ಕ ತಮ್ಮ ಸೇರಿ ನನ್ನ ಕತ್ತಿ ಸಾಗಿಸ್ತಿದೀರಾ? ಕೈಗೇನದು ಬ್ಯಾಂಡೇಜು?"

"ಬೆಳಗ್ಗೆಯಿಂದ ಮೂರನೇ ಸಲ ಕೇಳ್ತಿದೀರಿ."

"ಸುಳ್ಳು! ಈಗಷ್ಟೇ ನೋಡ್ತಿದೀನಿ. ಗಂಡನಿಗೆ ಒಂದು ಲೋಟ ಕಾಫಿ ಕೊಡೋಕೆ ಪುರಸೊತ್ತಿಲ್ಲ, ಕದಿಯೋಕೆ ಇದೆ."

ಅವಳು ನನ್ನ ಪಕ್ಕದಲ್ಲಿದ್ದ ಖಾಲಿ ಲೋಟವನ್ನು ನೋಡಿದಳು. ಅದರ ತಳದಲ್ಲಿ ಕಾಫಿಯ ನೊರೆ ಇನ್ನೂ ಆರಿರಲಿಲ್ಲ.

"ಮಾತು ಮರೆಸಬೇಡ. ಅಲಗು ಹಿಡಿದದ್ದು ಯಾರು?"

"ನಾನೇ," ಎಂದಳು. "ಗುರುವಾರ 'ಯಾರು ನೀನು, ನನ್ನ ಮನೆಯೊಳಗೆ ಹೇಗೆ ಬಂದೆ?' ಅಂತ ಕೇಳಿದ್ರಲ್ಲ, ಆಗ. ಹಿಡಿಕೆ ನಿಮ್ಮ ಕೈಯಲ್ಲಿತ್ತು."