ಮ್ಯಾನೇಜರಿಗೊಂದು ಹಿಮದ ಹಲಗೆ

ಮಾಫಿ ಮ್ಯಾನೇಜರನ್ನು ಹಿಂದಿನಿಂದ ತಳ್ಳಿಯೇಬಿಟ್ಟ.

ವಸತಿಗೃಹದ ಬಟ್ಟೆ ಒಗೆಯುವ ಕೋಣೆಯಲ್ಲಿ ಟವೆಲ್ ಎಣಿಸುತ್ತಿದ್ದ ಲಾಕ್ಲನ್ ಮುಗ್ಗರಿಸಿದ. ಬೀಳಲಿಲ್ಲ. ಒಂದು ಕಾಲು ತಾನಾಗಿ ಮುಂದೆ ನುಗ್ಗಿ ಅವನನ್ನು ಹಿಡಿದು ನಿಲ್ಲಿಸಿತು.

“ಕಣ್ಣಿಲ್ವೇನೋ ನಿಂಗೆ?”

“ನೆಲ ಒದ್ದೆ ಇತ್ತು. ತಪ್ಪಾಯ್ತು.”

ಮಾಫಿ ತಲೆ ತಗ್ಗಿಸಿದ. ಮೂಲೆಯಲ್ಲಿ ಹಾಸಿಗೆವಸ್ತ್ರ ಮಡಚುತ್ತಿದ್ದ ನೈರಿ ಅಂಗೈ ಮೇಲೆ ಬರೆದುಕೊಂಡಳು: ಬಲಗಾಲು.

ಉಳಿದ ಅಳತೆಗಳೂ ಮಧ್ಯಾಹ್ನದೊಳಗೆ ಸಿಕ್ಕವು. ಬಟ್ಟೆ ತೂಗುವ ಯಂತ್ರ ಸುಳ್ಳು ಹೇಳ್ತಿದೆ, ಒಂಚೂರು ಹತ್ತಿ ನೋಡಿ ಎಂದು ಅವನನ್ನೇ ಅದರ ಮೇಲೆ ನಿಲ್ಲಿಸಿದಳು. ಎಂಬತ್ತೆರಡು ಕಿಲೋ. ಪಾದದ ಅಳತೆ ಬಾಗಿಲಾಚೆ ಬಿಟ್ಟ ಬೂಟು ಹೇಳಿತು. ಅವನು ಅತ್ತ ಹೋದದ್ದೇ ತಡ, ಇಬ್ಬರೂ ಟವೆಲ್ ರಾಶಿಗೆ ಮುಖ ಒತ್ತಿಕೊಂಡು ನಕ್ಕರು.

ನಗುವ ಕಾಲವೇನೂ ಆಗಿರಲಿಲ್ಲ. ವಸತಿಗೃಹದ ಹಿಂಬದಿಯ ಹನ್ನೊಂದು ಕೋಣೆಗಳಲ್ಲಿ ಇಪ್ಪತ್ತೆರಡು ಕೆಲಸಗಾರರಿದ್ದರು. ನೈರಿ ಅಲ್ಲಿ ಹದಿನಾಲ್ಕು ಚಳಿಗಾಲ ಕಳೆದವಳು. ಅವರು ಹಾಸಿದ ಹಾಸಿಗೆಯಲ್ಲಿ ಊರೂರಿನವರು ಬಂದು ಮಲಗುತ್ತಿದ್ದರು. ಈ ಕೆಲಸಗಾರರು ಮಲಗುವ ಜಾಗದ ಮೇಲೆ ಲಾಕ್ಲನ್‌ನ ಕಣ್ಣು ಬಿದ್ದಿತ್ತು. ಅವರನ್ನು ಎಬ್ಬಿಸಿ ಅತಿಥಿಗಳಿಗೆ ಬಿಸಿನೀರಿನ ತೊಟ್ಟಿ ಕಟ್ಟಬೇಕಂತೆ. ತೆರವು ಮಾಡಿಸಿಕೊಡಿ ಎಂದು ಅರ್ಜಿ ಹಾಕಿದ್ದ. ಶುಕ್ರವಾರ ಹತ್ತಕ್ಕೆ ಪುರಭವನದಲ್ಲಿ ವಿಚಾರಣೆ. ಸೋತರೆ ನಡುಚಳಿಗಾಲದಲ್ಲಿ ಬೀದಿ. ಭೂಮಿಯ ದಕ್ಷಿಣಾರ್ಧದ ಆ ಬೆಟ್ಟದೂರಿಗೆ ಜುಲೈ ಎಂದರೆ ಹಿಮದ ಕಾಲ; ಆಗ ಒಹಾಕುನೆಯಲ್ಲಿ ಖಾಲಿ ಕೋಣೆ ಎಂಬುದೇ ಇಲ್ಲ.

ವಕೀಲರನ್ನು ಇಡೋದಿಲ್ವಾ ಎಂದು ಯಾರೋ ಕೇಳಿದ್ದಕ್ಕೆ ಲಾಕ್ಲನ್ ನಕ್ಕಿದ್ದ. “ದಿಂಬಿಗೆ ಗವಸು ಹಾಕೋರ ಮುಂದೆ ನಾನೊಬ್ಬನೇ ಸಾಕು.”

ಅಂಥವನಿಗೆ ಹುಟ್ಟುಹಬ್ಬದ ಉಡುಗೊರೆ. ಹಿಮದಾಟದ ಸಾಮಾನು ಮಾರುವ ಅಂಗಡಿಯ ಮಾರ್ನಿಗೆ ಮೈ ಉರಿಯಿತು.

“ನೈರಿ ಆಂಟಿ, ಆ ಮನುಷ್ಯ ಹಿಮದ ಮೇಲೆ ಜಾರೋ ಹಳೇ ಬೋರ್ಡು ಬಂಡೆಗೆ ಬಡಿದು ಎರಡು ತುಂಡಾಯ್ತು ಅಂತ ಕೇಳಿ ನಾನು ಇದೇ ಕೌಂಟರ್ ಹಿಂದೆ ಕುಣಿದಿದ್ದೆ. ನೀವು ನೋಡಿದ್ರೆ ಹೊಸದು ಕೊಡಿಸ್ತೀರಾ?”

“ಪಾಪ, ವಾರದಿಂದ ಕಿಟಕಿ ಹತ್ರ ನಿಂತು ಬೆಟ್ಟ ನೋಡ್ತಾ ನಿಟ್ಟುಸಿರು ಬಿಡ್ತಾನೆ ಕಣೇ.”

“ಕಾಲು ಹಿಡಿದ್ರೆ ಕರಗೋ ಜಾತಿ ಅಲ್ಲ ಅವನು.”

“ಕಾಲಿನ ವಿಷಯ ಸರಿಯಾಗಿ ನೆನಪಿಸಿದೆ. ಬಲಗಾಲು ಮುಂದೆ.” ಅಂಗೈ ತೋರಿಸಿದಳು. “ಹೇಳದೆ ತಳ್ಳಿದಾಗ ಯಾವ ಕಾಲು ಮೊದ್ಲು ಬರತ್ತೋ ಅದೇ ಬೋರ್ಡಿನ ಮುಂದೆ ಇರ್ಬೇಕು ಅಂತ ನೀನೇ ಹೇಳಿದ್ದೆ.”

“ತಳ್ಳಿದ್ರಾ?”

“ನಾನು ತಳ್ಳಿದೆ,” ಎಂದ ಮಾಫಿ. “ಎರಡು ಸಲ ತಳ್ಳೋಣ ಅಂದೆ. ಆಂಟಿ ಬಿಡಲಿಲ್ಲ.”

ಮಾರ್ನಿ ಮುಖ ಬಿಗಿದುಕೊಂಡೇ ಒಂದು ಬೋರ್ಡು ಇಳಿಸಿದಳು. “ಇದು ಎಲ್ಲ ದಿನಕ್ಕೂ ಆಗತ್ತೆ.”

ಮಾಫಿಯ ಕಣ್ಣು ಮೇಲಿನ ಸಾಲಿನಲ್ಲಿತ್ತು. ಅಗಲ ಮೂತಿ, ಬಾತುಕೋಳಿಯ ಬಾಲದಂಥ ಹಿಂಬದಿ. “ಅದು?”

“ಮೊಣಕಾಲುದ್ದ ಹೊಸ ಹಿಮ ಬಿದ್ರೆ ಮಾತ್ರ ಅದರ ಮಜಾ. ತೇಲಿಸ್ಕೊಂಡು ಹೋಗತ್ತೆ. ಒಂದು ಸಲ ಇಳಿದವನು ಮತ್ತೆ ಮತ್ತೆ ಹತ್ತುತ್ತಾನೆ.”

“ಅದೇ ಕೊಡು,” ಎಂದಳು ನೈರಿ. “ಬೂಟಿನ ಪಟ್ಟಿ ನೀನೇ ಕೂರಿಸು. ಒಂದು ತಿರುಪೂ ಸಡಿಲ ಇರ್ಬಾರ್ದು. ರಿಪೇರಿ ಅಂತ ಅವನು ಕೆಳಗೆ ಬರೋ ಹಾಗಾಗ್ಬಾರ್ದು.”

ಕೈಗವಸಿನ ಸರದಿ. “ಇದ್ರಲ್ಲಿ ಫೋನ್ ಕೂಡ ಒತ್ಬಹುದು,” ಎಂದಳು ಮಾರ್ನಿ.

“ಬೇಡ. ನಾಲ್ಕು ಬೆರಳೂ ಒಂದೇ ಚೀಲಕ್ಕೆ ಹೋಗತ್ತಲ್ಲ, ಅದು ಕೊಡು. ಬೆಚ್ಚಗಿರಲಿ.”

ಹೆಲ್ಮೆಟ್ಟನ್ನು ಮಾಫಿ ತಾನೇ ಹಾಕಿಕೊಂಡು ಪರೀಕ್ಷಿಸಿದ. ನೈರಿ ಹಿಂದೆ ನಿಂತು ಅವನನ್ನು ಕತ್ತೆ ಎಂದಳು, ಕೋಣ ಎಂದಳು, ಕೊನೆಗೆ ಅವನ ಅಜ್ಜನಿಗೂ ಒಂದು ಬೈಗುಳ ಸೇರಿಸಿದಳು. ಮಾಫಿ ಹಾಯಾಗಿ ಗೋಡೆ ನೋಡುತ್ತ ನಿಂತಿದ್ದ.

“ಇದೇ ಇರ್ಲಿ. ಕಿವಿಗೆ ಗಾಳಿ ಬಡಿಯಲ್ಲ,” ಎಂದಳು ನೈರಿ.

ಮಾರ್ನಿಗೂ ನಗು ತಡೆಯಲಾಗಲಿಲ್ಲ. ಆದರೂ ಪೊಟ್ಟಣ ಕಟ್ಟುವಾಗ ಕೇಳಿದಳು, “ಇಷ್ಟೆಲ್ಲ ಮಾಡಿದ್ರೂ ಅವನು ಅರ್ಜಿ ವಾಪಸ್ ತಗೊಳ್ದೇ ಇದ್ರೆ?”

“ತಗೊಳ್ಳಲ್ಲ ಅಂತ ನಂಗೂ ಗೊತ್ತು ಕಣೇ. ಕೊಡೋ ಮನಸ್ಸಾಗಿದೆ, ಕೊಡ್ತೀವಿ.”

ಹುಟ್ಟುಹಬ್ಬ ಭಾನುವಾರ. ಕೊಟ್ಟದ್ದು ಗುರುವಾರ ಸಂಜೆ. ಹೊರಗೆ ಆಗಲೇ ಹಿಮ ಸುರಿಯುತ್ತಿತ್ತು. ಊರಿಗೆ ಊರೇ ಹುಚ್ಚೆದ್ದು ಬೋರ್ಡಿಗೆ ಮೇಣ ತಿಕ್ಕುತ್ತಿತ್ತು. ಇಪ್ಪತ್ತೆರಡು ಮಂದಿ ಸಾಲಾಗಿ ನಿಂತು ಹಾಡಿದರು. ಲಾಕ್ಲನ್ ಬೋರ್ಡನ್ನು ಮಗುವಿನಂತೆ ಎದೆಗವಚಿಕೊಂಡ. ಕಣ್ಣು ಒದ್ದೆಯಾಯಿತು.

“ನೋಡಿ, ನಾಳೆ ಹೇಳೋದು ಹೇಳಿಯೇ ಹೇಳ್ತೀನಿ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ.”

“ಏನೂ ಇಲ್ಲ ಬಿಡಿ,” ಎಂದಳು ನೈರಿ.

ಶುಕ್ರವಾರ ಬೆಳಗ್ಗೆ ಬೆಟ್ಟದ ಮೇಲೆ ಸೊಂಟದವರೆಗೆ ಹಿಮ. ಅಂಥ ದಿನ ಒಹಾಕುನೆಯ ಕಾನೂನೇ ಬೇರೆ. ಬೇಕರಿಯವನು ಬಾಗಿಲಿಗೆ ಚೀಟಿ ಅಂಟಿಸಿ ಹೋದ, ಹಲ್ಲಿನ ಡಾಕ್ಟರು ಬಾಯಿ ತೆರೆದವರನ್ನು ಬಾಯಿ ಮುಚ್ಚಿಸಿ ಕಳಿಸಿದರು. ಬೆಟ್ಟ ಹತ್ತಿದವರು ಯಾರೂ ಗಡಿಯಾರ ನೋಡುವುದಿಲ್ಲ. ನೋಡಿದರೂ ‘ಇನ್ನೊಂದೇ ಒಂದು ಸಲ’ ಎನ್ನುತ್ತಾರೆ.

ಪುರಭವನದಲ್ಲಿ ಹತ್ತು ಗಂಟೆಗೆ ಇಪ್ಪತ್ತೆರಡು ಮಂದಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕೂತಿದ್ದರು. ಮಾರ್ನಿ ಅಂಗಡಿ ಮುಚ್ಚಿ ಬಂದು ಹಿಂದೆ ನಿಂತಳು. ವಿಚಾರಣೆಗೆಂದು ಬೇರೆ ಊರಿನಿಂದ ಬಂದಿದ್ದ ಅಧಿಕಾರಿಣಿ ಒಂದು ಹೆಸರನ್ನು ಮೂರು ಸಲ ಕೂಗಿದರು. ಮೂರು ಸಲ ಫೋನ್ ಮಾಡಿಸಿದರು. ಹತ್ತೂವರೆಯವರೆಗೆ ಕಾದರು. ಯಾರೂ ನಗಲಿಲ್ಲ, ಮಾಫಿ ಮಾತ್ರ ಕೆಮ್ಮಿದ.

“ಅರ್ಜಿ ಹಾಕಿದವರೇ ಬಂದಿಲ್ಲ,” ಎಂದು ಅಧಿಕಾರಿಣಿ ಕಡತ ಮುಚ್ಚಿದರು. “ಅರ್ಜಿ ವಜಾ. ನೀವೆಲ್ಲ ಮನೆಗೆ ಹೋಗಬಹುದು.”